ಆ ರೇಡಿಯೋಗೆ ಕರೆಂಟೇ ಇರಲಿಲ್ಲ: ಸಣ್ಣ ಬೋಟಿನಲ್ಲಿ ಡೀಪ್ ಸೀ ಫಿಶಿಂಗ್‌ಗೆ ಹೊರಟವರು ಓದಿ

ಸಣ್ಣ ಮೋಟಾರ್ ಬೋಟಿನಲ್ಲಿ ಆಳ ಸಮುದ್ರಕ್ಕೆ ಮೀನು ಹಿಡಿಯೋಕೆ ಕರೆದುಕೊಂಡು ಹೋಗ್ತೀವಿ ಅನ್ನುವವರಿಗೆ ಮುಂಗಡ ಕಳಿಸುವ ಮೊದಲು ದಯವಿಟ್ಟು ಇದನ್ನು ಓದಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಬುಕ್ ಮಾಡುವಾಗ ಎಲ್ಲಾ ಕೇಳಿದ್ದೆ. ಎಂಜಿನ್ ಎಷ್ಟಿವೆ, ಲೈಫ್ ಜಾಕೆಟ್ ಇದೆಯಾ, ರೇಡಿಯೋ ಇದೆಯಾ, ಎಷ್ಟು ದೂರ ಹೋಗ್ತೀರಿ, ಎಲ್ಲಾ. ಎಲ್ಲದಕ್ಕೂ ಒಂದೇ ಉತ್ತರ: "ಎಲ್ಲಾ ಇದೆ ಸರ್, ನೀವು ಬನ್ನಿ ಸಾಕು." ಫೋಟೋದಲ್ಲಿ ಇದ್ದದ್ದು ಎರಡು ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗಡೆ ಕೂರಿಸುವ) ಎಂಜಿನ್, ಮೇಲೆ ಛಾವಣಿ ಇರುವ ಬೋಟು. ಜೆಟ್ಟಿಯಲ್ಲಿ ಕಟ್ಟಿದ್ದದ್ದು ತೆರೆದ ಫೈಬರ್ ದೋಣಿ, ಹಿಂದೆ ಒಂದೇ ಎಂಜಿನ್. ಇದೇನು ಅಂತ ಕೇಳಿದರೆ "ದೊಡ್ಡದು ಸರ್ವಿಸ್‌ಗೆ ಹೋಗಿದೆ ಸರ್, ಇದು ಅದಕ್ಕಿಂತ ಸ್ಪೀಡು" ಅಂದ ಬೋಟಿನವನು. ಅರ್ಧ ಹಣ ಆಗಲೇ ಹೋಗಿತ್ತು. ನನ್ನ ಮಾತು ನಂಬಿ ಭಾವ, ಅವರ ಸ್ನೇಹಿತರು ರಜೆ ಹಾಕಿ, ಹೊತ್ತು ಹುಟ್ಟುವ ಮೊದಲೇ ಬಂದು ನಿಂತಿದ್ದರು. ಅಂಥ ಹೊತ್ತಲ್ಲಿ ಯಾರೂ ಬೇಡ ಅಂತ ತಿರುಗಿ ಹೋಗೋದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಇವರ ವ್ಯಾಪಾರ ನಿಂತಿರೋದೇ ಅದರ ಮೇಲೆ.

ಡ್ಯಾಶ್‌ಬೋರ್ಡ್ ಮೇಲೆ ವಿಎಚ್‌ಎಫ್ ರೇಡಿಯೋ ಇತ್ತು, ಸಮುದ್ರದಲ್ಲಿ ಬೋಟಿನವರು ಒಬ್ಬರಿಗೊಬ್ಬರು ಮಾತಾಡೋ ವೈರ್‌ಲೆಸ್. ಕಪ್ಪು ಡಬ್ಬಿ, ಸುರುಳಿ ವೈರಿನ ಮೈಕು, ನೋಡೋಕೆ ಹೊಸದೇ. ಹೊರಡುವ ಮೊದಲು ಅದನ್ನು ಬೆರಳಿಂದ ತಟ್ಟಿ "ನೋಡಿ ಸರ್, ಸೇಫ್ಟಿ ಫಸ್ಟು" ಅಂದಿದ್ದ. ತಟ್ಟಿ ತೋರಿಸಿದ್ದ! ಇದನ್ನು ನೆನಪಿಟ್ಟುಕೊಳ್ಳಿ.

ಹೋಗುವಾಗ ಎಲ್ಲಾ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಗಾಳಗಳನ್ನು ಹಿಂದೆ ಬಿಟ್ಟು ಟ್ರೋಲಿಂಗ್ ಮಾಡುತ್ತಾ ಹೋದೆವು. ಭಾವನಿಗೆ ಒಂದು ಸಣ್ಣ ಟ್ಯೂನಾ ಸಿಕ್ಕಿತು. ದಡ ಕಾಣಿಸೋದು ನಿಂತಿತು, ಮೊಬೈಲ್ ಸಿಗ್ನಲ್ಲೂ ಹೋಯಿತು. ಆಮೇಲೆ ಗಾಳಿ ಎದ್ದಿತು. ತಿರುಗಿಸಿ ಅಂದೆ. "ಇನ್ನು ಸ್ವಲ್ಪ ಮುಂದೆ ಒಳ್ಳೆ ಜಾಗ ಇದೆ ಸರ್." ಮತ್ತೆ ಹೇಳಿದೆ. "ಏನೂ ಆಗಲ್ಲ ಸರ್." ಈ ಏನೂ ಆಗಲ್ಲ ಅನ್ನೋ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತೆ.

ಕೊನೆಗೂ ತಿರುಗಿಸಿದ. ಸ್ವಲ್ಪ ದೂರ ಬರುವಷ್ಟರಲ್ಲಿ ಎಂಜಿನ್ ಕೆಮ್ಮಿತು, ನಿಂತಿತು. ಸ್ಟಾರ್ಟ್ ಮಾಡಿದ, ಮತ್ತೆ ನಿಂತಿತು. ನಾನು ಹೋಗಿ ಪೆಟ್ರೋಲ್ ಟ್ಯಾಂಕ್ ಎತ್ತಿ ನೋಡಿದರೆ ಒಂದೇ ಕೈಯಲ್ಲಿ ಬಂತು. ತಳದಲ್ಲಿ ಚೂರು ಉಳಿದಿತ್ತು ಅಷ್ಟೇ. ಗೊತ್ತಿಲ್ಲದವರಿಗೆ ಹೇಳ್ತೀನಿ: ಸಮುದ್ರಕ್ಕೆ ಹೊರಡುವವರು ಇಂಧನದ ಮೂರನೇ ಒಂದು ಭಾಗ ಹೋಗೋಕೆ, ಒಂದು ಭಾಗ ಬರೋಕೆ, ಇನ್ನೊಂದು ಭಾಗ ಕಷ್ಟಕಾಲಕ್ಕೆ ಅಂತ ಇಟ್ಟುಕೊಳ್ಳಬೇಕು. ಅಲೆ ಜೋರಾದರೆ ಅದೇ ದೂರಕ್ಕೆ ಪೆಟ್ರೋಲ್ ಜಾಸ್ತಿ ಬೇಕು. ಟ್ಯಾಂಕ್ ಬರಿದಾಗುತ್ತಾ ಬಂದಾಗ ದೋಣಿ ಹೊಯ್ದಾಡಿದರೆ ತಳದ ಕೊಳೆ, ನೀರು ಕದಡಿ ಫಿಲ್ಟರ್‌ಗೆ ಹೋಗಿ ಕಟ್ಟಿಕೊಳ್ಳುತ್ತೆ, ಆಮೇಲೆ ಇರೋ ಚೂರು ಪೆಟ್ರೋಲೂ ಎಂಜಿನ್‌ಗೆ ಸಿಗಲ್ಲ. ಇದೆಲ್ಲ ಅವನಿಗೆ ಗೊತ್ತಿಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬಲ್ಲ. ಉಳಿತಾಯ ಮಾಡಿದ್ದ, ಅಷ್ಟೇ.

ಎಂಜಿನ್ ನಿಂತ ಸಣ್ಣ ದೋಣಿ ಅಲೆಗೆ ಅಡ್ಡ ತಿರುಗುತ್ತೆ. ಪ್ರತಿ ಅಲೆಗೂ ಒಂದು ಬದಿ ಪೂರ್ತಿ ಬಾಗಿ, ನೀರು ಒಳಗೆ ಚಿಮ್ಮಿ, ಎಲ್ಲರೂ ಬೆಂಚು ಹಿಡಿದುಕೊಂಡು ಕೂತಿದ್ದೆವು. ಇಬ್ಬರಿಗೆ ವಾಂತಿ. ಲಂಗರು ಹಾಕಿ ಅಂದರೆ ಹಗ್ಗ ತಳ ಮುಟ್ಟಲ್ಲ ಅಂದ. ಆಳ ಸಮುದ್ರಕ್ಕೆ ಕರೆದುಕೊಂಡು ಬಂದವನು!

ಆಗ ರೇಡಿಯೋ ತಗೊಳ್ಳಿ ಅಂದೆ. ಅವನು ಅಲುಗಾಡಲಿಲ್ಲ. ನಾನೇ ಮೈಕ್ ತೆಗೆದುಕೊಂಡು ಗುಂಡಿ ಒತ್ತಿದೆ. ಲೈಟ್ ಬರಲಿಲ್ಲ. ಮತ್ತೆ ಒತ್ತಿದೆ. ಹಿಂದೆ ಕೈ ಹಾಕಿ ನೋಡಿದರೆ ಕೆಂಪು ವೈರೂ ಕಪ್ಪು ವೈರೂ ಸುಮ್ನೆ ನೇತಾಡುತ್ತಿವೆ. ಎಲ್ಲಿಗೂ ಸೇರಿಸಿಲ್ಲ. ಎರಡರ ತುದಿಗೂ ಟೇಪ್ ಸುತ್ತಿ ನೀಟಾಗಿ ಬಿಟ್ಟಿದ್ದಾನೆ, ಅಂದರೆ ಕಿತ್ತು ಹೋಗಿದ್ದಲ್ಲ, ಕನೆಕ್ಷನ್ನೇ ಕೊಟ್ಟಿಲ್ಲ. ಆ ವೈರು ಕೈಯಲ್ಲಿ ಹಿಡಿದುಕೊಂಡು ಅವನ ಮುಖ ನೋಡಿದೆ. ಅವನು ಹೇಳಿದ್ದು ಹೀಗೆ:

"ಅದು ಚೆಕಿಂಗ್‌ಗೆ ಬಂದಾಗ ತೋರಿಸೋಕೆ ಸರ್. ನಮಗೆ ಫೋನೇ ಸಾಕಾಗುತ್ತೆ."

ಫೋನಂತೆ. ಸಿಗ್ನಲ್ ಇಲ್ಲದ ಕಡೆ. ಸಿಗ್ನಲ್ ಇದ್ದರೂ ಫೋನ್ ಮಾಡಿದರೆ ಒಬ್ಬರಿಗೆ ಕೇಳುತ್ತೆ, ವಿಎಚ್‌ಎಫ್‌ನಲ್ಲಿ ಅಪಾಯದ ಕರೆಗೆ ಅಂತ ಇರುವ ಚಾನೆಲ್ 16ಕ್ಕೆ ಹಾಕಿ ಮೇಡೇ (ಪ್ರಾಣಾಪಾಯ, ಕಾಪಾಡಿ ಅನ್ನೋ ಕರೆ) ಅಂತ ಕರೆದರೆ ಹತ್ತಿರದಲ್ಲಿ ಆ ಚಾನೆಲ್‌ನಲ್ಲಿ ರೇಡಿಯೋ ಆನ್ ಇಟ್ಟಿರುವ ಎಲ್ಲಾ ಬೋಟಿಗೂ ಕೇಳುತ್ತೆ. ಭಾವ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೇ ವಾಸಿ ಇತ್ತು. ಲೈಫ್ ಜಾಕೆಟ್ ಒಳಗಿನ ಚೀಟಿ ಓದಿದ್ದೂ ಆಗಲೇ. 50 ನ್ಯೂಟನ್, ಅಂದರೆ ನೀರಲ್ಲಿ ನಮ್ಮನ್ನು ತೇಲಿಸಿ ಹಿಡಿಯುವ ಬಲ. ಅದು ದಡದ ಹತ್ತಿರ, ಈಜು ಬರುವವರಿಗೆ. ತೆರೆದ ಸಮುದ್ರಕ್ಕೆ 150 ಬೇಕು, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸೋಕೆ ಅಂತಲೇ ಮಾಡಿರೋದು ಅದು. ಭಾವನ ಸ್ನೇಹಿತರಲ್ಲಿ ಒಬ್ಬರಿಗೆ ಈಜೇ ಬರಲ್ಲ.

ತುಂಬಾ ಹೊತ್ತಾದ ಮೇಲೆ ದೂರದಲ್ಲಿ ಒಂದು ಮೀನುಗಾರಿಕೆ ಬೋಟು ಕಾಣಿಸಿತು. ಎರಡೂ ಕೈ ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಮಾಡಬೇಕು, ಅದು ಅಪಾಯದ ಸನ್ನೆ ಅಂತ ಎಲ್ಲೋ ಓದಿದ್ದೆ, ಅದನ್ನೇ ಮಾಡಿದೆ. ಸುಮ್ನೆ ಕೈ ಬೀಸಿದರೆ ಟಾಟಾ ಮಾಡ್ತಿದ್ದಾರೆ ಅಂದುಕೊಳ್ತಾರೆ. ಬಂದರು, ಪುಣ್ಯಾತ್ಮರು. ಹಗ್ಗ ಕಟ್ಟಿ ಎಳೆದರು. ಅವರಿಗೆ ನಮ್ಮವನು ಏನು ಹೇಳಿದ ಗೊತ್ತಾ? "ಗೆಸ್ಟ್‌ಗಳಿಗೆ ತಲೆ ಸುತ್ತು, ಹೆದರಿಕೊಂಡರು." ನಾವು ಪಕ್ಕದಲ್ಲೇ ಕೂತಿದ್ದೀವಿ! ಜೆಟ್ಟಿಯಲ್ಲಿ ಇಳಿಯುವಾಗ ನಿಂತಿದ್ದವರೆಲ್ಲ ನಮ್ಮನ್ನು ನೋಡಿ ನಕ್ಕರು.

ಮುಂಗಡ ವಾಪಸ್ ಕೇಳಿದೆ. ಬಂದ ಉತ್ತರಗಳು ಒಂದಾದ ಮೇಲೆ ಒಂದು. "ಮೀನು ಸಿಕ್ಕಿತಲ್ಲ ಸರ್." ಆಮೇಲೆ "ಸಮುದ್ರ ಅಂದ್ರೆ ಹಾಗೇ ಸರ್." ಆಮೇಲೆ "ನೀವು ಲೇಟ್ ಮಾಡಿದ್ರಿ, ಅದಕ್ಕೆ ಪೆಟ್ರೋಲ್ ಜಾಸ್ತಿ ಆಯ್ತು." ತಿರುಗಿಸಿ ಅಂತ ಗೋಗರೆದವನು ನಾನು, ಲೇಟ್ ಮಾಡಿದವನೂ ನಾನೇ ಅಂತೆ. ರೇಡಿಯೋ ವಿಷಯ ಎತ್ತಿದರೆ ಮಾತ್ರ ಉತ್ತರ ಇಲ್ಲ, ಓದಿದ ಗುರುತು ಬರುತ್ತೆ, ಅಷ್ಟೇ.

ನೀವು ಹೋಗೋದಾದರೆ ದೋಣಿ ಕಟ್ಟಿರುವಾಗಲೇ ರೇಡಿಯೋ ಆನ್ ಮಾಡಿಸಿ, ರೇಡಿಯೋ ಚೆಕ್ (ನಮ್ಮ ಧ್ವನಿ ಬರ್ತಿದೆಯಾ ಅನ್ನೋ ಕರೆ) ಕೇಳಿಸಿ, ಆ ಕಡೆಯಿಂದ ಒಬ್ಬರಾದರೂ ಉತ್ತರ ಕೊಡಬೇಕು. ಪೆಟ್ರೋಲ್ ಟ್ಯಾಂಕ್ ನೀವೇ ಎತ್ತಿ ನೋಡಿ, ನಾಚಿಕೆ ಬೇಡ. ಒಂದೇ ಎಂಜಿನ್ ಇದ್ದರೆ ದಡ ಕಾಣದಷ್ಟು ದೂರ ಹೋಗಬೇಡಿ. ಎಲ್ಲಿಗೆ ಹೋಗ್ತೀವಿ, ಎಷ್ಟು ಹೊತ್ತಿಗೆ ಬರ್ತೀವಿ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಫೋಟೋದಲ್ಲಿರೋ ಬೋಟೇ ಬರಬೇಕು, ಬೇರೆ ಬಂದರೆ ಮುಂಗಡ ಹೋದರೆ ಹೋಗಲಿ, ಹತ್ತಬೇಡಿ.

ಬಾಕಿ ಅರ್ಧ ನಾನು ಕೊಟ್ಟಿಲ್ಲ, ಕೊಡೋದೂ ಇಲ್ಲ. ನಿನ್ನೆ ಮತ್ತೆ ಮೆಸೇಜ್ ಬಂದಿದೆ, ಬಾಕಿ ಹಣದ ಜೊತೆಗೆ ಎಳೆದು ತಂದ ಬೋಟಿನವರಿಗೆ ಕೊಟ್ಟದ್ದನ್ನೂ ಸೇರಿಸಿ ಕಳಿಸಬೇಕಂತೆ.