ಕರಾವಳಿಯ ಕ್ಯಾಂಪರ್ ವ್ಯಾನಿಗೆ ಸೌರ ವಿದ್ಯುತ್ತು: ದೀರ್ಘ ಬಳಕೆಯ ನಂತರ

ಕಾರವಾರದ ನಮ್ಮ ಕ್ಯಾಂಪರ್ ವ್ಯಾನಿನ ಮೇಲೆ ತಲಾ 200 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್‌ಗಳು, ಸೀಟಿನ ಕೆಳಗೆ 12.8 ವೋಲ್ಟಿನ 200 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ನಡುವೆ ಪ್ಯಾನೆಲ್‌ಗಳಿಂದ ಆದಷ್ಟು ಹೆಚ್ಚು ಶಕ್ತಿ ಸೆಳೆದು ಬ್ಯಾಟರಿ ತುಂಬಿಸುವ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಇವೆ. ಬೇಸಿಗೆ, ಮಳೆಗಾಲ ಎರಡರಲ್ಲೂ ಬಳಸಿದ ಮೇಲೆ ಹೇಳುವುದಾದರೆ, ಬ್ಯಾಟರಿಗೆ ಕೊಟ್ಟ ಹಣದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ಯಾನೆಲ್‌ಗಳನ್ನಷ್ಟೇ ನೆಚ್ಚಿಕೊಂಡು ಉತ್ತರ ಕನ್ನಡದಲ್ಲಿ ವರ್ಷವಿಡೀ ತಿರುಗಾಡಬಹುದೆಂಬ ಮಾರಾಟಗಾರರ ಮಾತನ್ನು ಒಪ್ಪಲಾರೆ.

ಈ ಬ್ಯಾಟರಿ ತುಂಬಿದಾಗ ಸುಮಾರು ಎರಡೂವರೆ ಯೂನಿಟ್ ಹಿಡಿಯುತ್ತದೆ ಮತ್ತು ಅದರ ಬಹುಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಕದಲದಿರುವುದರಿಂದ ವೋಲ್ಟ್ ಮೀಟರ್ ನೋಡಿ ಉಳಿಕೆಯನ್ನು ಅಂದಾಜು ಮಾಡಲಾಗದು; ಒಳಹೋಗುವ, ಹೊರಬರುವ ಕರೆಂಟನ್ನು ಲೆಕ್ಕವಿಡುವ ಶಂಟ್ ಮೀಟರ್ ಅನ್ನು ಜೊತೆಗೇ ಹಾಕಿಸಬೇಕು. 1800 ವ್ಯಾಟಿನ ಇಂಡಕ್ಷನ್ ಒಲೆ 12 ವೋಲ್ಟಿನಿಂದ 150 ಆಂಪಿಯರಿಗೂ ಹೆಚ್ಚು ಎಳೆದು ಬ್ಯಾಟರಿಗೆ ಭಾರವಾಗುವುದರಿಂದ ನಮ್ಮ ಅಡುಗೆ ಗ್ಯಾಸಿನಲ್ಲೇ ನಡೆಯುತ್ತದೆ.

ಫೆಬ್ರವರಿಯಿಂದ ಮೇ ತನಕ ಮುರುಡೇಶ್ವರದಂಥ ಕಡೆ ಬಯಲಿನಲ್ಲಿ ನಿಲ್ಲಿಸಿದರೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ಬರುತ್ತದೆ. ಕಂಪ್ರೆಸರ್ ಫ್ರಿಜ್ಜಿಗೆ ಅರ್ಧ ಯೂನಿಟ್ಟಿನಷ್ಟು ಹೋದರೂ ಫ್ಯಾನು, ದೀಪ, ಲ್ಯಾಪ್‌ಟಾಪುಗಳಿಗೆ ಕೊರತೆಯಾಗದು. ಪ್ಯಾನೆಲ್ 25 ಡಿಗ್ರಿಗಿಂತ ಕಾದಂತೆಲ್ಲ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಅದನ್ನು ತಗಡಿಗೆ ಅಂಟಿಸದೆ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಿಸುವುದು ಒಳ್ಳೆಯದು.

ಘಟ್ಟ ಹತ್ತಿದ ಮೇಲೆ ಈ ಲೆಕ್ಕ ತಪ್ಪುತ್ತದೆ. ಶಿರಸಿಯ ಕಡೆ ತೋಟದಂಚಿನಲ್ಲಿ ನಿಲ್ಲಿಸಿದಾಗ ಅಡಿಕೆ ಮರದ ತೆಳ್ಳನೆಯ ನೆರಳು ಒಂದು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಉತ್ಪಾದನೆ ಗಮನಾರ್ಹವಾಗಿ ಕುಸಿಯುತ್ತದೆ. ನಮ್ಮ ಪ್ಯಾನೆಲ್‌ಗಳನ್ನು ಪ್ಯಾರಲಲ್ಲಾಗಿ, ಅಂದರೆ ಒಂದೊಂದೂ ಪ್ರತ್ಯೇಕವಾಗಿ ಕರೆಂಟ್ ಕೊಡುವಂತೆ, ಜೋಡಿಸಿರುವುದರಿಂದ ಒಂದರ ನೆರಳು ಇನ್ನೊಂದನ್ನು ಬಾಧಿಸುವುದಿಲ್ಲ. ಇದಕ್ಕೆ ದಪ್ಪ ವೈರು ಬೇಕಾಗುತ್ತದೆ, ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕತೆ ಬೇರೆಯೇ: ಮೋಡ ಕವಿದ ದಿನಗಳಲ್ಲಿ ಬೇಸಿಗೆಯ ಕಾಲು ಭಾಗವೂ ಸಿಗದಿರುವುದುಂಟು, ಆಗ ಛಾವಣಿಯ ಮೇಲೆ ಇನ್ನೊಂದು ಪ್ಯಾನೆಲ್ ಸೇರಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ.

ಆ ತಿಂಗಳುಗಳಲ್ಲಿ ನಮ್ಮನ್ನು ನಿಜವಾಗಿ ಕಾಪಾಡಿರುವುದು ಎಂಜಿನ್ನಿನಿಂದ ಬ್ಯಾಟರಿ ತುಂಬಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಒಂದು ರಾತ್ರಿಗೆ ಸಾಕಾಗುವಷ್ಟು ವಿದ್ಯುತ್ತು ಸೇರಿರುತ್ತದೆ. ಲಿಥಿಯಂ ಬ್ಯಾಟರಿಯನ್ನು ಎಂಜಿನ್ನಿನ ಬಲದಿಂದ ವಿದ್ಯುತ್ತು ತಯಾರಿಸುವ ಆಲ್ಟರ್ನೇಟರಿಗೆ ನೇರವಾಗಿ ಜೋಡಿಸಿದರೆ ಅದು ಮಿತಿಮೀರಿ ಕರೆಂಟ್ ಎಳೆದು ಆಲ್ಟರ್ನೇಟರನ್ನು ಸುಡಬಲ್ಲದು. ಚಾರ್ಜರ್ ಅದನ್ನು ತಡೆಯುತ್ತದೆ. ಹಣ ಮಿತವಾಗಿರುವವರು ಎರಡನೆಯ ಪ್ಯಾನೆಲ್ ಬಿಟ್ಟು ಇದನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಕಡಲಂಚಿನ ಉಪ್ಪುಗಾಳಿಯ ಬಗ್ಗೆ ಯಾವ ಕೈಪಿಡಿಯೂ ಸಾಕಷ್ಟು ಹೇಳಿದ್ದನ್ನು ನಾನು ಕಾಣೆ. ಸಾಮಾನ್ಯ ಬೋಲ್ಟುಗಳು ತುಕ್ಕು ಹಿಡಿದು ಅಲ್ಯೂಮಿನಿಯಂ ಚೌಕಟ್ಟನ್ನೂ ಕೆಡಿಸತೊಡಗಿದ್ದರಿಂದ ಉಪ್ಪಿಗೆ ಸುಲಭವಾಗಿ ತುಕ್ಕು ಹಿಡಿಯದ 316 ದರ್ಜೆಯ ಸ್ಟೀಲ್ ಬೋಲ್ಟುಗಳನ್ನು ಹಾಕಿಸಬೇಕಾಯಿತು. ಗಾಜಿನ ಮೇಲೆ ಕೂರುವ ಉಪ್ಪಿನ ಪೊರೆಯನ್ನು ಮುಂಜಾನೆ, ಪ್ಯಾನೆಲ್ ಕಾಯುವ ಮೊದಲು, ಸಿಹಿನೀರಿನಲ್ಲಿ ತೊಳೆಯುತ್ತೇವೆ. ಕಂಟ್ರೋಲರಿನ ಟರ್ಮಿನಲ್ಲಿನಲ್ಲಿ ಹಸಿರು ಕಿಲುಬು ಕಂಡಾಗ ಮಾರಿದವರು ಅದು ವಾರಂಟಿಗೆ ಒಳಪಡದೆಂದು ಕೈಚೆಲ್ಲಿದರು. ಕೊಳ್ಳುವವರು ವಾರಂಟಿ ಪತ್ರದಲ್ಲಿ ತುಕ್ಕಿಗೆ ಸಂಬಂಧಿಸಿದ ಸಾಲನ್ನು ಹಣ ಕೊಡುವ ಮೊದಲೇ ಓದಿಕೊಳ್ಳಲಿ.