ಗುಜರಿಯಿಂದ ತಂದ ಹಿಂದಿನ ಆಕ್ಸಲ್: ಎರಡು ವರ್ಷ, 46,000 ಕಿ.ಮೀ. ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಪಿಕಪ್‌ಗೆ ಹಾಕಿಸಿದ ಹಳೇ ಆಕ್ಸಲ್ (ಹಿಂದಿನ ಎರಡು ಚಕ್ರ ಕೂರುವ, ಅವನ್ನು ತಿರುಗಿಸುವ ಇರಚಿ) ಚೆನ್ನಾಗಿ ಓಡುತ್ತಿದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅದಕ್ಕೂ ಮುಂಚೆ ಸುಮ್ನೆ ಕಳೆದುಕೊಂಡ ದುಡ್ಡಿದೆಯಲ್ಲ, ಅದನ್ನೂ ಹೇಳಲೇಬೇಕು.

ಶ್ರೀನಿವಾಸಪುರದ ಕಡೆಯಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುವ ಗಾಡಿ ನನ್ನದು. ಬಾಕ್ಸ್‌ಗೆ 15 ಕೆ.ಜಿ. 100 ಬಾಕ್ಸ್ ಅಂದರೆ ಒಂದೂವರೆ ಟನ್. ಮಾವಿನ ಕಾಲದಲ್ಲಿ ಬೆಂಗಳೂರಿಗೂ ಹೋಗುತ್ತೇನೆ. ಒಂದು ದಿನ ಹೈವೇಯಲ್ಲಿ 50 ದಾಟಿದ ಕೂಡಲೇ ಹಿಂದಿನಿಂದ ಗುಂಯ್ ಅಂತ ಕೂಗು ಶುರುವಾಯಿತು. ವಾರದಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದಷ್ಟು ಜೋರಾಯಿತು.

ಹತ್ತಿರದ ಗ್ಯಾರೇಜಿನಲ್ಲಿ ಗಾಡಿ ಒಂದು ರೌಂಡ್ ಓಡಿಸಿಯೂ ನೋಡಲಿಲ್ಲ. "ವೀಲ್ ಬೇರಿಂಗ್ ಹೋಗಿದೆ ಅಣ್ಣ" ಅಂದರು. ಎರಡೂ ಕಡೆ ಬದಲಾಯಿಸಿದರು. 5,600 ರೂಪಾಯಿ. ಮನೆಗೆ ಬರುವ ದಾರಿಯಲ್ಲೇ ಮತ್ತೆ ಅದೇ ಕೂಗು. ತೆಗೆದ ಬೇರಿಂಗ್‌ಗಳನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಎರಡೂ ನುಣ್ಣಗೆ ತಿರುಗುತ್ತಿದ್ದವು. ಹೊಟ್ಟೆ ಉರಿಯಿತು.

ಆಮೇಲೆ ನಮ್ಮ ಭಾವ ಬಂದರು. ಅವರು ವರ್ಷಗಟ್ಟಲೆ ಲಾರಿ ಓಡಿಸಿದವರು. "ಬಿಚ್ಚೋದು ಆಮೇಲೆ, ಮೊದಲು ಕಿವಿಗೊಟ್ಟು ಕೇಳು" ಅಂದರು. ಟೈರಿನ ಸದ್ದಾದರೆ ಡಾಂಬರು ಬಿಟ್ಟು ಕಾಂಕ್ರೀಟ್ ರಸ್ತೆಗೆ ಹತ್ತಿದಾಗ ಬದಲಾಗುತ್ತದೆ. ನಮ್ಮದು ಬದಲಾಗಲಿಲ್ಲ. ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಳೆದೆವು. ವೀಲ್ ಬೇರಿಂಗ್ ಹಾಳಾಗಿದ್ದರೆ ಆ ಕಡೆಗೆ ಭಾರ ಬಿದ್ದಾಗ ಸದ್ದು ಏರುತ್ತದೆ. ಅದೂ ಇಲ್ಲ. ಕೊನೆಗೆ 60ರಲ್ಲಿ ಆಕ್ಸಿಲರೇಟರ್ ಒತ್ತಿದರೆ ಕೂಗು, ಕಾಲು ತೆಗೆದರೆ ಕೂಗು ಹೋಗಿ ಗೊರಗೊರ. ಹೀಗೆ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಬಂದರೆ ಕ್ರೌನ್-ಪಿನಿಯನ್ ಅಥವಾ ಪಿನಿಯನ್ ಬೇರಿಂಗ್ ಮೇಲೇ ಅನುಮಾನ ಪಡಬೇಕು. ಪಿನಿಯನ್ ಅಂದರೆ ಆಕ್ಸಲ್ ಒಳಗಿನ ಚಿಕ್ಕ ಹಲ್ಲುಚಕ್ರ, ಕ್ರೌನ್ ಅಂದರೆ ಅದು ತಿರುಗಿಸುವ ದೊಡ್ಡದು. ತಿರುವಿನಲ್ಲಿ ಮಾತ್ರ ಸದ್ದಾದರೆ ಒಳಗಿನ ಸ್ಟಾರ್ ಪಿನಿಯನ್, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಣ್ಣ ಹಲ್ಲುಚಕ್ರಗಳು. ನಿಂತ ಗಾಡಿ ಹೊರಡುವಾಗ ಟಕ್ ಅಂದರೆ ಮೊದಲು ಜಾಯಿಂಟ್ ಕ್ರಾಸ್ (ಗಾಡಿ ಕೆಳಗಿನ ಉದ್ದ ಶಾಫ್ಟಿನ ಕೀಲು) ನೋಡಿ.

ಹೌಸಿಂಗ್, ಅಂದರೆ ಈ ಹಲ್ಲುಚಕ್ರಗಳಿರುವ ಆಕ್ಸಲ್ಲಿನ ಡಬ್ಬಿಯ ಆಯಿಲ್ ಬಿಚ್ಚಿದೆವು. ಅರ್ಧ ಲೀಟರೂ ಬರಲಿಲ್ಲ. ಕಪ್ಪಗೆ, ಸುಟ್ಟ ವಾಸನೆ. ಬೆರಳಲ್ಲಿ ಉಜ್ಜಿದರೆ ಉಕ್ಕಿನ ಚೂರು ಚುಚ್ಚಿತು. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್‌ಗೆ ಬೂದಿಯಂಥ ನುಣ್ಣನೆ ಪುಡಿ ಅಂಟಿದ್ದರೆ ಭಯ ಬೇಡ. ಚೂರು ಸಿಕ್ಕರೆ ಕೆಲಸ ಕೆಟ್ಟಿದೆ ಅಂತಲೇ ಅರ್ಥ.

ಇಷ್ಟಕ್ಕೆಲ್ಲ ಕಾರಣ ಬ್ರೀದರ್. ಹೌಸಿಂಗ್ ಮೇಲೆ ಗಾಳಿ ಆಡಲು ಇರುವ ಸಣ್ಣ ಕಿಂಡಿ ಅದು. ತೋಟದ ಕೆಸರು ಮೆತ್ತಿ ಒಣಗಿ ಮುಚ್ಚಿಹೋಗಿತ್ತು. ಓಡಿ ಓಡಿ ಒಳಗೆ ಬಿಸಿಯಾದ ಗಾಳಿಗೆ ದಾರಿ ಇಲ್ಲ. ಅದು ಪಿನಿಯನ್ ಸೀಲ್ ಹತ್ತಿರ ಆಯಿಲನ್ನು ಹೊರಗೆ ತಳ್ಳಿದೆ. ಆಯಿಲ್ ಕಮ್ಮಿ, ಮೇಲೆ ಜಾಸ್ತಿ ಲೋಡು. ಹಲ್ಲು ಉಳಿಯುವುದು ಹೇಗೆ?

ಹೊಸ ಕ್ರೌನ್-ಪಿನಿಯನ್ ಹಾಕಿಸಬಹುದಿತ್ತು. ಅವು ಜೋಡಿಯಾಗಿಯೇ ಬರುತ್ತವೆ, ಒಂದನ್ನೇ ಬದಲಾಯಿಸುವಂತಿಲ್ಲ. ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ, ಅಳತೆಗೆ ಡಯಲ್ ಗೇಜ್ ಇಟ್ಟು, ಹಲ್ಲಿನ ನಡುವಿನ ಸಡಿಲವನ್ನು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಕೂರಿಸಬೇಕು. ಆ ಕೆಲಸ ನೆಚ್ಚಿಕೆಯಿಂದ ಮಾಡುವವರು ನಮ್ಮ ಕಡೆ ಸಿಗಲಿಲ್ಲ. ಅದಕ್ಕೇ ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋದೆವು. ಇಡೀ ಆಕ್ಸಲ್ಲೇ ತರೋಣ ಅಂತ.

ಮೊದಲ ಅಂಗಡಿಯವರು "ನಿಮ್ಮ ಗಾಡಿದೇ" ಅಂತ ಒಂದನ್ನು ತೋರಿಸಿದರು. ನನ್ನ ಕ್ರೌನ್‌ಗೆ 39 ಹಲ್ಲು, ಪಿನಿಯನ್‌ಗೆ 8. ಭಾಗಿಸಿದರೆ 4.875. ಅಂದರೆ ಚಕ್ರ ಒಂದು ಸುತ್ತು ಬಂದರೆ ಪಿನಿಯನ್ ಅಷ್ಟು ಸುತ್ತು ಬರಬೇಕು. ಭಾವ ಚಕ್ರ ಕೂರುವ ಎರಡೂ ಹಬ್ಬನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದರು, ನಾನು ಪಿನಿಯನ್ ಕಡೆ ಸೀಮೆಸುಣ್ಣದ ಗುರುತು ಎಣಿಸಿದೆ. ಐದು ಸುತ್ತಿನ ಹತ್ತಿರ ಬರಬೇಕಿತ್ತು. ನಾಲ್ಕು ದಾಟಿ ನಿಂತಿತು. ಅದನ್ನು ಹಾಕಿದ್ದರೆ ಲೋಡಿನಲ್ಲಿ ಏರು ಹತ್ತುತ್ತಿರಲಿಲ್ಲ. ಗೇರ್‌ಬಾಕ್ಸ್‌ನಿಂದ ಲೆಕ್ಕ ತಗೊಳ್ಳುವ ನನ್ನ ಸ್ಪೀಡೋಮೀಟರ್ ಕೂಡ ನಿಜದ ವೇಗಕ್ಕಿಂತ ಕಮ್ಮಿ ತೋರಿಸುತ್ತಿತ್ತು. ಒಂದೇ ಕಡೆ ಹಬ್ ತಿರುಗಿಸಿ ನೋಡುವುದಾದರೆ ಇನ್ನೊಂದನ್ನು ಅಲ್ಲಾಡದಂತೆ ಹಿಡಿದು ಎರಡು ಸುತ್ತು ತಿರುಗಿಸಬೇಕು, ಇದು ನೆನಪಿರಲಿ.

ನಾಲ್ಕನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. 21,000 ರೂಪಾಯಿ. ಕೂಲಿ 4,500. ಸೀಲ್, ಬ್ರೇಕ್ ಶೂ, ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್ ಎಲ್ಲ ಹೊಸದು ಹಾಕಿಸಿದೆ. ಹಳೇ ಯು ಬೋಲ್ಟ್ ಮತ್ತೆ ಬಿಗಿದರೆ ಸಡಿಲಾಗುವ ಭಯವಿದೆ, ಅಲ್ಲಿ ಉಳಿಸಲು ಹೋಗಬೇಡಿ. ಬ್ರೇಕ್ ಪೈಪ್ ಬಿಚ್ಚಿದ್ದರಿಂದ ಗಾಳಿ ತೆಗೆಸಿದೆವು. 80ಡಬ್ಲ್ಯು-90 ಜಿಎಲ್-5 ಗೇರ್ ಆಯಿಲ್ ಹಾಕಿ, ಮೊದಲ 1,000 ಕಿ.ಮೀ. ಆದ ಮೇಲೆ ಒಮ್ಮೆ ಬದಲಾಯಿಸಿದೆ. ಬ್ರೀದರ್‌ಗೆ ರಬ್ಬರ್ ಪೈಪ್ ಸಿಕ್ಕಿಸಿ ಚಾಸಿ ಮೇಲಕ್ಕೆ ಎತ್ತಿ ಕಟ್ಟಿದೆವು. ಈಗ ಕೆಸರು ಅಲ್ಲಿಗೆ ತಲುಪುವುದಿಲ್ಲ.

ಎರಡು ವರ್ಷದಲ್ಲಿ ಸೀಲ್ ಒದ್ದೆಯಾಗಿಲ್ಲ. ಹೋದ ತಿಂಗಳು ಆಯಿಲ್ ಬಿಚ್ಚಿದಾಗ ಬರೀ ನುಣ್ಣನೆ ಪುಡಿ. ಖಾಲಿ ಗಾಡಿಯಲ್ಲಿ 70 ದಾಟಿದರೆ ಸಣ್ಣಗೆ ಗುಂಯ್ ಅನ್ನುತ್ತದೆ. ತಂದ ದಿನವೂ ಅಷ್ಟೇ ಇತ್ತು, ಏರಿಲ್ಲ. ಗ್ಯಾರಂಟಿ ಅಂತ ಕೊಟ್ಟಿದ್ದು ಒಂದೇ ವಾರ, ಅದೊಂದೇ ಅಸಮಾಧಾನ.

ಮುಂಚೆ ಸೀಸನ್‌ನಲ್ಲಿ 130 ಬಾಕ್ಸ್ ತುಂಬುತ್ತಿದ್ದೆ. ಈಗ 95ಕ್ಕೆ ನಿಲ್ಲಿಸುತ್ತೇನೆ. ಒಂದು ಟ್ರಿಪ್ ಜಾಸ್ತಿ ಆಗುತ್ತದೆ, ಡೀಸೆಲ್ ಖರ್ಚೂ ಆಗುತ್ತದೆ. ಆಗಲಿ.