ಕೇಬಲ್ ಕಿತ್ತರೂ ಮೀಟರ್ ಓಡುತ್ತದೆ: ಮೂರು ಸ್ವಿಚ್‌ಗಳ ಹೋಲಿಕೆ

ಕಂಪ್ಯೂಟರ್, ಸರ್ವರ್ ಇಟ್ಟು ಪ್ರಯೋಗ ಮಾಡುವ ಮನೆಯ ಲ್ಯಾಬಿಗೆ 10 ಗಿಗಾಬಿಟ್ ವೇಗದ ನೆಟ್‌ವರ್ಕ್ ಸ್ವಿಚ್ (ಯಂತ್ರಗಳನ್ನು ಕೇಬಲ್‌ನಿಂದ ಬೆಸೆಯುವ ಪೆಟ್ಟಿಗೆ) ಬೇಕು ಎಂದಾಗ ಮೂರು ಹೆಸರು ಮತ್ತೆ ಮತ್ತೆ ಕೇಳಿಬರುತ್ತವೆ: ಆಫೀಸುಗಳಿಂದ ಕಳಚಿ ಸೆಕೆಂಡ್ ಹ್ಯಾಂಡ್ ಆಗಿ ಬರುವ ಬ್ರೊಕೇಡ್ ಐಸಿಎಕ್ಸ್ 6610, ಅದೇ ಮನೆತನದ ಚಿಕ್ಕದು ಐಸಿಎಕ್ಸ್ 6450, ಮತ್ತು ಮೈಕ್ರೋಟಿಕ್ ಸಿಆರ್‌ಎಸ್305. ಇವು ಎಳೆಯುವ ವಿದ್ಯುತ್ತಿನ ಲೆಕ್ಕ ಇಲ್ಲಿದೆ.

ಪೋರ್ಟ್ ಎಣಿಸಿದರೆ 6610ಕ್ಕೆ ಸಾಟಿಯಿಲ್ಲ. ಮುಂದೆ 8 ಎಸ್‌ಎಫ್‌ಪಿ+ (ಕೇಬಲಿಗೆ ತಕ್ಕ ಚಿಕ್ಕ ಅಡಾಪ್ಟರ್, ಅಂದರೆ ಮಾಡ್ಯೂಲ್, ತೂರಿಸುವ 10 ಗಿಗಾಬಿಟ್ ಕಿಂಡಿ), ಹಿಂದೆ ಅದೇ ಬಗೆಯ 40 ಗಿಗಾಬಿಟ್ ಕ್ಯೂಎಸ್‌ಎಫ್‌ಪಿ. ಆದರೆ ಒಂದು ಕೇಬಲನ್ನೂ ಹಾಕದೆ ಸುಮ್ಮನೆ ಕೂತಾಗಲೂ ಅದು 80ರಿಂದ 100 ವ್ಯಾಟ್‌ನ ಆಸುಪಾಸಿನಲ್ಲಿ ಎಳೆಯುತ್ತದೆ. ಇದಕ್ಕೆ ಕಾರಣ ಡೇಟಾ ಟ್ರಾಫಿಕ್ ಅಲ್ಲ. ಸ್ವಿಚಿಂಗ್ ಚಿಪ್, ಫ್ಯಾನು, ಪವರ್ ಸಪ್ಲೈ. ಎರಡು ಪವರ್ ಸಪ್ಲೈ ಹಾಕಿದ್ದರೆ ಹೊರೆ ಹಂಚಿಹೋಗಿ ಎರಡೂ ಕಡಿಮೆ ದಕ್ಷತೆಯಲ್ಲಿ ಓಡುತ್ತವೆ. ಒಂದನ್ನು ಎಳೆದು ತೆಗೆದಿಟ್ಟರೆ ಕೆಲವು ವ್ಯಾಟ್ ಉಳಿಯುತ್ತದೆ. ಸದ್ದಿನ ವಿಷಯ ಕೇಳಲೇಬೇಡಿ, ಮಲಗುವ ಕೋಣೆಗಂತೂ ಆಗದು.

6450ರ 24 ಪೋರ್ಟಿನ ಮಾದರಿ 20–30 ವ್ಯಾಟ್‌ನಲ್ಲಿ ಮುಗಿಸುತ್ತದೆ. 4 ಎಸ್‌ಎಫ್‌ಪಿ+ ಸಿಗುತ್ತದೆ. ಹೆಸರಿನ ಕೊನೆಯಲ್ಲಿ ‘ಪಿ’ ಇದೆಯೇ ನೋಡಿ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕ್ಯಾಮೆರಾದಂಥ ಸಾಧನಕ್ಕೆ ವಿದ್ಯುತ್ತು ಕೊಡುವ) ಮಾದರಿಯ ದೊಡ್ಡ ಪವರ್ ಸಪ್ಲೈ ಮತ್ತು ಫ್ಯಾನು, ಒಂದು ಕ್ಯಾಮೆರಾವನ್ನೂ ಜೋಡಿಸದಿದ್ದರೂ ತಮ್ಮ ಪಾಲು ತಿನ್ನುತ್ತವೆ. ಇನ್ನು ಡೇಟಾಶೀಟಿನ ಪಿಒಇ ಬಜೆಟ್ ಎಂಬ ಅಂಕಿ ಸ್ವಿಚ್ ಹೊರಗೆ ಕೊಡಬಲ್ಲ ವಿದ್ಯುತ್ತು; ಅದನ್ನೇ ಬಳಕೆ ಎಂದು ಓದಿ ಬೆಚ್ಚಿಬೀಳುವವರಿದ್ದಾರೆ.

ಸಿಆರ್‌ಎಸ್305ಕ್ಕೆ ಫ್ಯಾನಿಲ್ಲ. ತಯಾರಕರ ಲೆಕ್ಕದಲ್ಲಿ ಮಾಡ್ಯೂಲ್ ಇಲ್ಲದೆ ಗರಿಷ್ಠ 10 ವ್ಯಾಟ್, ಎಲ್ಲ ಸೇರಿ 18. ಇರುವುದು 4 ಎಸ್‌ಎಫ್‌ಪಿ+, ಒಂದೇ ಗಿಗಾಬಿಟ್ ಪೋರ್ಟ್. ಮಾಮೂಲಿ ಲ್ಯಾನ್ ಕೇಬಲ್ ಹಾಕುವ ತಾಮ್ರದ ಪೋರ್ಟ್ ಹೆಚ್ಚು ಬೇಕಾದರೆ ಪಕ್ಕದಲ್ಲಿಡುವ ಇನ್ನೊಂದು ಸ್ವಿಚ್ಚಿನ ವ್ಯಾಟ್ ಕೂಡಿಸಿಯೇ 6450ರೊಂದಿಗೆ ತೂಗಬೇಕು. ಮಾಡ್ಯೂಲಿನ ಆಯ್ಕೆಯೂ ಮುಖ್ಯ: 10 ಗಿಗಾಬಿಟ್ ಆರ್‌ಜೆ45 (ಮಾಮೂಲಿ ಲ್ಯಾನ್ ಕೇಬಲಿನ) ಮಾಡ್ಯೂಲ್ ಒಂದಕ್ಕೇ ಸುಮಾರು 2.5 ವ್ಯಾಟ್, ಎರಡೂ ತುದಿಯಲ್ಲಿ ಎಸ್‌ಎಫ್‌ಪಿ+ ಪ್ಲಗ್ ಇರುವ ಡಿಎಸಿ ಕೇಬಲ್‌ಗೆ ನಗಣ್ಯ. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಆರ್‌ಜೆ45 ಮಾಡ್ಯೂಲುಗಳನ್ನು ಅಕ್ಕಪಕ್ಕ ತುರುಕಿದರೆ ಕೈ ಇಡಲಾಗದಷ್ಟು ಕಾಯುತ್ತವೆ, ಲಿಂಕ್ ಬಿದ್ದು ಎದ್ದು ಮಾಡುತ್ತದೆ. ಒಂದು ಪೋರ್ಟ್ ಬಿಟ್ಟು ಒಂದಕ್ಕೆ ಹಾಕಿ.

ಕೊಳ್ಳುವ ಮುಂಚೆ ಅಳೆಯಲು ಬಿಟ್ಟರೆ ಸಾಕೆಟ್ಟಿಗೆ ಸಿಕ್ಕಿಸಿ ವಿದ್ಯುತ್ ಬಳಕೆ ಅಳೆಯುವ ಪ್ಲಗ್ ಮೀಟರ್ ಒಯ್ಯಿರಿ. ಆನ್ ಮಾಡಿದೊಡನೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುವುದರಿಂದ ಆಗಿನ ಅಂಕಿ ಸುಳ್ಳು. ಬೂಟ್ ಮುಗಿದು ಅರ್ಧ ಗಂಟೆ ಕಳೆಯಲಿ. ಮೊದಲು ಎಲ್ಲ ಕೇಬಲ್, ಮಾಡ್ಯೂಲ್ ತೆಗೆದು ಬರೆದುಕೊಳ್ಳಿ, ಆಮೇಲೆ ಒಂದೊಂದೇ ಸೇರಿಸಿ. ಮೀಟರ್ ವಿಎ (ವೋಲ್ಟ್-ಆಂಪಿಯರ್) ತೋರಿಸುತ್ತಿದೆಯೋ ವ್ಯಾಟ್ ತೋರಿಸುತ್ತಿದೆಯೋ ಖಚಿತಪಡಿಸಿಕೊಳ್ಳಿ. ಬಿಲ್ಲಿಗೆ ಬೇಕಾದ್ದು ವ್ಯಾಟ್. ಯುಪಿಎಸ್ ಇದ್ದರೆ ಮೀಟರ್ ಅದರ ನಂತರ ಇರಲಿ, ಇಲ್ಲದಿದ್ದರೆ ಯುಪಿಎಸ್ ನುಂಗುವುದೂ ಸ್ವಿಚ್ಚಿನ ತಲೆಗೆ ಬರುತ್ತದೆ.

ವರ್ಷವಿಡೀ ಓಡುವ ಒಂದು ವ್ಯಾಟ್ ಅಂದರೆ 8.76 ಯೂನಿಟ್. ತಿಂಗಳಿಗೆ ನೋಡಿದರೆ 90 ವ್ಯಾಟ್‌ನ 6610 ಸುಮಾರು 65 ಯೂನಿಟ್, 25 ವ್ಯಾಟ್‌ನ 6450 ಬರೇ 18. ಗೃಹಜ್ಯೋತಿಯಲ್ಲಿರುವ ಮನೆಗೆ ಈ ಅಂತರ ಸಣ್ಣದಲ್ಲ: ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

40 ಗಿಗಾಬಿಟ್ ನಿಜಕ್ಕೂ ಬಳಸುವವರಿಗೆ ಮಾತ್ರ 6610. ನಾಲ್ಕು ಯಂತ್ರಗಳ ಲ್ಯಾಬಿಗೆ ಸಿಆರ್‌ಎಸ್305 ಮತ್ತು ಡಿಎಸಿ ಸಾಕು. ಮನೆ ತುಂಬ ಗಿಗಾಬಿಟ್ ವೈರು ಎಳೆದಿದ್ದರೆ ‘ಪಿ’ ಇಲ್ಲದ 6450.